ಒಂಟೆಯ ಉಣ್ಣೆ, ಕುರುಬರ ಕಂಬಳಿ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಳ್ಳಿಗಳಲ್ಲಿ ಮನೆಗೆ ಹಿರಿಯರು ಬಂದರೆ ಮೊದಲು ಕಂಬಳಿ ಹಾಸುತ್ತಾರೆ, ಕುಡಿಯಲು ನೀರು ಕೊಡುವುದು ಆಮೇಲೆ. ಹೆಣ್ಣು-ಗಂಡಿನ ಮಾತುಕತೆ ನಡೆಯುವುದು ಕಂಬಳಿಯ ಮೇಲೆ. ಊರ ಪಂಚರು ಕೂತು ನ್ಯಾಯ ಹೇಳುತ್ತಿದ್ದುದೂ ಕಂಬಳಿಯ ಮೇಲೆಯೇ. ಬೀರದೇವರ ಪೂಜೆಗೆ ಗದ್ದುಗೆ ಹಾಕಬೇಕಾದರೆ ಮಡಿಸಿದ ಕರಿಕಂಬಳಿಯೇ ಬೇಕು. ಚುನಾವಣೆ ಬಂದರಂತೂ ವೇದಿಕೆಯ ಮೇಲಿನ ನಾಯಕರ ಹೆಗಲಿಗೆ ಕಂಬಳಿ ಹೊದಿಸಿ, ಕೈಗೆ ಕುರಿಮರಿ ಕೊಟ್ಟು, ಫೋಟೋ ತೆಗೆಸಿಕೊಳ್ಳದ ಸಭೆಯೇ ಅಪರೂಪ.

ಇಷ್ಟೆಲ್ಲ ಮಾನ ಪಡೆಯುವ ವಸ್ತು ಸಂತೆಯಲ್ಲಿ ಮಾತ್ರ ಗಿರಾಕಿಗಾಗಿ ಕಾಯುತ್ತ ಕೂರುತ್ತದೆ. ಕಂಬಳಿಗೆ ಗೌರವವಿದೆ, ಬೆಲೆ ಇಲ್ಲ. ಕಂಬಳಿಗೇ ಬೆಲೆ ಇಲ್ಲದ ಮೇಲೆ ಅದರ ಮೂಲವಾದ ಉಣ್ಣೆಯನ್ನು ಕೇಳುವವರಾರು? ದಖನ್ ಪ್ರಸ್ಥಭೂಮಿಯ ಹಲವು ಕಡೆ ಕುರಿಗಾರರು ಕತ್ತರಿಸಿದ ಉಣ್ಣೆಯನ್ನು ಮಾರಲಾಗದೆ ಹೊಲದ ಬದುವಿನಲ್ಲಿ ಬಿಟ್ಟು ಮುಂದಿನ ಊರಿಗೆ ಹೊರಡುತ್ತಾರೆ.

ಇದೇ ಬಗೆಯ ಮಾತನ್ನು ಸಾವಿರ ಕಿಲೋಮೀಟರು ಆಚೆ, ಕಚ್ಛ ಮತ್ತು ರಾಜಸ್ತಾನದಲ್ಲಿ ಒಂಟೆಯ ಬಗ್ಗೆ ಹೇಳುತ್ತಾರೆ. ಅಲ್ಲಿಯೂ ಒಂಟೆಗೆ ಹಾಡು ಇದೆ, ಹಬ್ಬ ಇದೆ, ಸಿಂಗಾರವಿದೆ. ಆದರೆ ಸಾಕುವವರು ಕಡಿಮೆಯಾಗುತ್ತಿದ್ದಾರೆ. ಒಂಟೆಯನ್ನು ಉಳಿಸಿಕೊಳ್ಳಲು ಅಲ್ಲಿಯ ಕೆಲವರು ಹಿಡಿದ ದಾರಿಗಳಲ್ಲಿ ಒಂದು, ಅದರ ಉಣ್ಣೆಯನ್ನು ಕೈಯಲ್ಲಿ ನೂತು ನೇಯ್ದು ಮಾರುವುದು. ಒಂಟೆಯನ್ನು ಜಾತ್ರೆಯಲ್ಲಷ್ಟೇ ಕಾಣುವ ನಮ್ಮ ಸೀಮೆಗೆ ಆ ಪ್ರಯತ್ನದಿಂದ ಕಲಿಯುವಂಥದ್ದು ಇದೆಯೇ? ಇದೆ ಎನ್ನುವುದಕ್ಕೆ ಕಾರಣಗಳಿವೆ.

ಎರಡು ಪ್ರಾಣಿ, ಎರಡು ಲೆಕ್ಕ

2019ರಲ್ಲಿ ನಡೆದ 20ನೇ ಜಾನುವಾರು ಗಣತಿಯನ್ನು ಮೊದಲು ನೋಡಬೇಕು. 2012ರಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆಗಳಿದ್ದವು. 2019ರಲ್ಲಿ ಉಳಿದದ್ದು ಸುಮಾರು 2.5 ಲಕ್ಷ. ಏಳೇ ವರ್ಷಗಳಲ್ಲಿ ಶೇ. 37ರಷ್ಟು ಇಳಿತ. ಟ್ರ್ಯಾಕ್ಟರು, ಟೆಂಪೊಗಳು ಬಂದ ಮೇಲೆ ಒಂಟೆಗಾಡಿಗೆ ಕೆಲಸ ಇಲ್ಲವಾಯಿತು. ಮೇಯುವ ಜಾಗ ಬೇಲಿಯೊಳಗೆ ಹೋಯಿತು.

ಕುರಿಯ ಲೆಕ್ಕ ಇದಕ್ಕೆ ತೀರಾ ವಿರುದ್ಧ. ಅದೇ ಅವಧಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ ಸುಮಾರು 96 ಲಕ್ಷದಿಂದ 1.11 ಕೋಟಿಗೆ ಏರಿತು. ತೆಲಂಗಾಣ, ಆಂಧ್ರಪ್ರದೇಶಗಳ ನಂತರ ದೇಶದಲ್ಲಿ ಮೂರನೆಯ ಸ್ಥಾನ ನಮ್ಮದು. ಕುರಿ ಹೆಚ್ಚಾದರೆ ಉಣ್ಣೆಯೂ ಹೆಚ್ಚಾಗಬೇಕಲ್ಲವೇ? ಹಾಗಾಗಲಿಲ್ಲ. ದೇಶದ ಒಟ್ಟು ಉಣ್ಣೆ ಉತ್ಪಾದನೆ 2018-19ರಲ್ಲಿ ಸುಮಾರು 4.04 ಕೋಟಿ ಕಿಲೋ ಇದ್ದದ್ದು 2022-23ರಲ್ಲಿ 3.36 ಕೋಟಿ ಕಿಲೋಗೆ ಇಳಿಯಿತು.

ಈ ಒಗಟಿಗೆ ಉತ್ತರ ಸರಳ. ಕುರಿ ಈಗ ಮಾಂಸದ ಪ್ರಾಣಿ. ಹಿಂದೆ ಅದು ಉಣ್ಣೆ, ಗೊಬ್ಬರ, ಹಾಲು, ಮಾಂಸ ಎಂದು ನಾಲ್ಕು ದಿಕ್ಕಿನಿಂದ ಒಡೆಯನಿಗೆ ಆದಾಯ ತರುತ್ತಿತ್ತು. ಈಗ ಮಾಂಸದ ಬೆಲೆಯೊಂದೇ ಮಿಕ್ಕ ಎಲ್ಲವನ್ನೂ ಹಿಂದಕ್ಕೆ ತಳ್ಳಿದೆ. ಕುರಿಗಾರ ತನ್ನ ಹಿಂಡಿಗೆ ಟಗರು ಆರಿಸುವಾಗಲೂ ಎತ್ತರ, ಮೈಕಟ್ಟು, ತೂಕ ನೋಡುತ್ತಾನೆ. ರೋಣಕ್ಕೆ ಹೊಂದಿಕೊಂಡ ಬಾಗಲಕೋಟೆ ಜಿಲ್ಲೆಯಲ್ಲಿ ಹೆಸರಾದ ಎಳಗ ತಳಿಯ ಮೈಮೇಲೆ ಇರುವುದು ಉಣ್ಣೆಯಲ್ಲ, ಗಿಡ್ಡ ಕೂದಲು. ಅದನ್ನು ಕತ್ತರಿಸುವ ಖರ್ಚಿಲ್ಲ, ಅಮೀನಗಡದಂಥ ಸಂತೆಯಲ್ಲಿ ಬೇಡಿಕೆಯೂ ಇದೆ. ಹೀಗಿರುವಾಗ ಕರಿಯುಣ್ಣೆಯ ದಖನಿ ಕುರಿಯನ್ನೇ ಸಾಕು ಎಂದು ಯಾರಿಗೆ ಹೇಳುವುದು?

ಒಂಟೆಯ ಕಡೆ ಪ್ರಾಣಿಯೇ ಹೋಗುತ್ತಿದೆ. ನಮ್ಮ ಕಡೆ ಪ್ರಾಣಿ ಉಳಿದು, ಅದರ ಉಣ್ಣೆ ಮತ್ತು ಆ ಉಣ್ಣೆಯನ್ನು ನೂಲಾಗಿಸುವ ಕೈಗಳು ಹೋಗುತ್ತಿವೆ.

ಎರೆ ಹೊಲದ ನಂಟು

ಗದಗ ಜಿಲ್ಲೆಯ ಉತ್ತರ ಭಾಗದ ಈ ಮೂರು ತಾಲ್ಲೂಕುಗಳು ಮಳೆ ಕಡಿಮೆಯ ನಾಡು. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರು ಮಳೆ. ನರಗುಂದ ಮತ್ತು ರೋಣದ ಬಹುಭಾಗ ಕರಿ ಎರೆಭೂಮಿ. ಜೋಳ, ಕಡಲೆ, ಹತ್ತಿ, ಹೆಸರು ಇಲ್ಲಿಯ ಬೆಳೆ. ಗಜೇಂದ್ರಗಡದ ಕಡೆ ಹೋದಂತೆ ಕಲ್ಲುಗುಡ್ಡಗಳೂ ಮಸಾರಿ ನೆಲವೂ ಸಿಗುತ್ತವೆ. ಮೊದಲು ರೋಣ ತಾಲ್ಲೂಕಿನಲ್ಲೇ ಇದ್ದ ಗಜೇಂದ್ರಗಡ ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರ.

ಗುಡ್ಡದ ಹುಲ್ಲು ಮಳೆಗಾಲದ ಮೇವು, ಎರೆ ಹೊಲದ ಕೂಳೆ ಸುಗ್ಗಿಯ ನಂತರದ ಮೇವು. ಹೀಗೆ ಎರಡೂ ನೆಲ ಸೇರಿ ಕುರಿಗೆ ವರ್ಷ ತುಂಬುತ್ತಿತ್ತು. ಬೆಳೆ ಕೊಯ್ದ ಹೊಲದಲ್ಲಿ ರಾತ್ರಿ ಕುರಿ ತರುಬಿಸುವುದು ಇಲ್ಲಿಯ ಹಳೆಯ ಪದ್ಧತಿ. ಕುರಿಯ ಹಿಕ್ಕೆ ಮತ್ತು ಗಂಜಲ ಬಿದ್ದ ನೆಲ ಮರುವರ್ಷ ಹುಲುಸಾಗಿ ಬೆಳೆಯುತ್ತದೆ. ಅದಕ್ಕಾಗಿ ಒಕ್ಕಲಿಗರು ಕುರಿಗಾರನಿಗೆ ಕಾಳು ಕೊಡುತ್ತಿದ್ದರು, ಈಗ ಹಣ ಕೊಡುತ್ತಾರೆ. ಗೊಬ್ಬರ ಕೊಂಡುಕೊಂಡವನೇ ಮಳೆಗಾಲಕ್ಕೆ ಒಂದು ಕಂಬಳಿಯನ್ನೂ ಕೊಳ್ಳುತ್ತಿದ್ದ. ಒಕ್ಕಲುತನ ಮತ್ತು ಕುರಿಗಾರಿಕೆ ಒಂದರ ಬೆನ್ನಿಗೆ ಒಂದು ಆನಿಸಿಕೊಂಡು ನಿಂತಿದ್ದವು.

ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ಕಾಲುವೆ ನರಗುಂದ ಭಾಗಕ್ಕೆ ಬಂದ ಮೇಲೆ ಬೇಸಾಯದ ಚಹರೆ ಬದಲಾಯಿತು. ಈ ನೀರಾವರಿಯ ಕರದ ಪ್ರಶ್ನೆಯೇ 1980ರ ಜುಲೈನಲ್ಲಿ ನರಗುಂದ-ನವಲಗುಂದದ ರೈತ ಬಂಡಾಯಕ್ಕೆ ಒಂದು ಮುಖ್ಯ ಕಾರಣವಾದದ್ದು ಎಲ್ಲರಿಗೂ ಗೊತ್ತಿರುವ ಇತಿಹಾಸ. ನೀರು ತಲುಪಿದ ಹೊಲ ಬೀಳು ಬೀಳುವುದು ಕಡಿಮೆ. ಗಜೇಂದ್ರಗಡದ ಗುಡ್ಡಗಳ ನೆತ್ತಿಯಲ್ಲಿ ಇಂದು ಗಾಳಿಯಂತ್ರಗಳು ತಿರುಗುತ್ತಿವೆ. ಇವೆಲ್ಲ ನಾಡಿಗೆ ಬೇಕಾದವೇ. ಆದರೆ ಕುರಿ ಮೇಯುವ ಹಾದಿ ಅಷ್ಟರಮಟ್ಟಿಗೆ ಕಿರಿದಾಯಿತು ಎಂಬುದೂ ನಿಜ.

ಕಂಬಳಿ ಆಗುವ ಬಗೆ

ಅಂಗಡಿಯಲ್ಲಿ ಮಡಿಸಿಟ್ಟ ಕಂಬಳಿಯ ಹಿಂದೆ ಎಷ್ಟು ಕೈಗಳ ಕೆಲಸವಿದೆ ಎಂಬುದನ್ನು ತಿಳಿದರೆ ಅದರ ಬೆಲೆಯ ಬಗ್ಗೆ ಚೌಕಾಸಿ ಮಾಡಲು ಮನಸ್ಸು ಬಾರದು.

ದಖನಿ ಕುರಿಯ ಉಣ್ಣೆಯನ್ನು ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಎರಡೂ ಸಲ ಸೇರಿ ಒಂದು ಕುರಿಯಿಂದ ಸಿಗುವುದು ಒಂದು ಕಿಲೋಗೂ ಕಡಿಮೆ. ಕಂಬಳಿಯೊಂದು ಎರಡು-ಮೂರು ಕಿಲೋ ತೂಗುತ್ತದೆ ಎಂದರೆ ಅದರಲ್ಲಿ ಹಲವು ಕುರಿಗಳ ವರ್ಷದ ಉಣ್ಣೆ ಸೇರಿದೆ ಎಂದಾಯಿತು. ಮರಿಯ ಮೊದಲ ಕತ್ತರಿಕೆಯ ಉಣ್ಣೆ ಎಲ್ಲಕ್ಕಿಂತ ಮೃದು. ಅದರ ಕಂಬಳಿಗೆ ಬೆಲೆ ಹೆಚ್ಚು.

ಕತ್ತರಿಸಿದ ಉಣ್ಣೆಯಲ್ಲಿ ಮುಳ್ಳು, ಕಸ, ಮಣ್ಣು ತುಂಬಿರುತ್ತದೆ. ಅದನ್ನು ಬಿಡಿಸಿ, ಕಪ್ಪು, ಕಂದು, ಬಿಳಿ ಎಂದು ಬಣ್ಣ ಬೇರ್ಪಡಿಸಿ, ಬಿಲ್ಲಿನ ಹೆದೆಯಿಂದ ಮಿಡಿದು ಹಿಂಜುತ್ತಾರೆ. ಆಮೇಲಿನದು ಹೆಂಗಸರ ಕೆಲಸ. ರಾಟಿಯ ಮುಂದೆ ಕೂತು ನೂಲು ತೆಗೆಯಬೇಕು. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ, ಕಡಿಮೆ ಕೂಲಿ ದಕ್ಕುವುದೂ ಇದಕ್ಕೇ. ನೇಯ್ದವನ ಹೆಸರು ಊರಿಗೆ ಗೊತ್ತಿರುತ್ತದೆ, ನೂತವಳ ಹೆಸರು ಮನೆಯಲ್ಲೇ ಉಳಿಯುತ್ತದೆ.

ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಹುರಿದು, ಕುಟ್ಟಿ, ಕುದಿಸಿ ಮಾಡಿದ ಈ ಗಂಜಿ ಹಾಸಿನ ಎಳೆಗಳನ್ನು ಬಿಗಿ ಮಾಡುತ್ತದೆ. ಮಗ್ಗದ ಎಳೆತಕ್ಕೆ ನೂಲು ಕಡಿಯುವುದಿಲ್ಲ. ಬಳಿಕ ಕುಣಿಮಗ್ಗದಲ್ಲಿ ಕೂತು ನೇಯ್ಗೆ. ಬಣ್ಣ ಹಾಕುವ ಮಾತೇ ಇಲ್ಲ. ಕುರಿಯ ಮೈಬಣ್ಣವೇ ಕಂಬಳಿಯ ಬಣ್ಣ. ಅಂಚಿಗೆ ಒಂದೆರಡು ಬಿಳಿ ಗೆರೆ ಬಂದರೆ ಅದೇ ಸಿಂಗಾರ.

ಮಳೆಯಲ್ಲಿ ಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದವನು ಬೇಗ ತೊಯ್ಯುವುದಿಲ್ಲ. ಉಣ್ಣೆಯಲ್ಲಿ ಸಹಜವಾಗಿರುವ ಜಿಡ್ಡು ಮತ್ತು ಒತ್ತಾದ ನೇಯ್ಗೆ ನೀರನ್ನು ತಡೆಯುತ್ತವೆ. ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿದರೂ ಉಣ್ಣೆ ಮೈಗೆ ಒದ್ದೆ ಎನಿಸುವುದಿಲ್ಲ. ಹೀಗೆ ಮಳೆ ತಡೆಯುವ ಕರಿಕಂಬಳಿಯ ಪ್ರಸ್ತಾಪ ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇದೆ. ಅಲ್ಲಿ ಹೇಳಿರುವುದು ನೇಪಾಳದ ಕಂಬಳಿಯನ್ನು. ಉಣ್ಣೆಯ ಈ ಗುಣ ಎಷ್ಟು ಹಿಂದೆಯೇ ಜನಕ್ಕೆ ಗೊತ್ತಿತ್ತು ಎಂಬುದಕ್ಕೆ ಅದೊಂದು ಸಾಕ್ಷಿ.

ಕಂಕಣದ ದಾರ

ಹಾಲುಮತದವರಲ್ಲಿ ಉಣ್ಣೆಕಂಕಣ, ಹತ್ತಿಕಂಕಣ ಎಂಬ ಎರಡು ಒಳಪಂಗಡಗಳಿವೆ. ಮದುವೆಯಲ್ಲಿ ಕೈಗೆ ಕಟ್ಟುವ ಕಂಕಣದ ದಾರ ಯಾವುದರದು ಎಂಬುದರ ಮೇಲೆ ಬಂದ ಹೆಸರುಗಳಿವು. ಉಣ್ಣೆ ಅವರಿಗೆ ಬರೀ ಕಸುಬಿನ ಸರಕಲ್ಲ, ಗುರುತು ಕೂಡ ಹೌದು. ಮೈಲಾರ ಮತ್ತು ದೇವರಗುಡ್ಡದ ಗೊರವಯ್ಯಗಳ ಉಡುಪು ಕರಿಕಂಬಳಿಯದು. ಭಕ್ತ ಕನಕದಾಸರ ಚಿತ್ರವನ್ನು ಹೆಗಲ ಕಂಬಳಿಯಿಲ್ಲದೆ ನಾವು ಕಲ್ಪಿಸಿಕೊಳ್ಳಲಾರೆವು. ಹಾಲುಮತದ ಗುರುಗಳು ಕಂಬಳಿ ಬೀಸಿದರೆ ಮಳೆ ಬರುತ್ತಿತ್ತು ಎಂಬ ನಂಬಿಕೆ ಇಂದಿಗೂ ಡೊಳ್ಳಿನ ಹಾಡುಗಾರರ ಬಾಯಲ್ಲಿದೆ.

ಉಣ್ಣೆಗೆ ಮೈಲಿಗೆ ಇಲ್ಲ ಎಂಬುದು ಇತರ ಜಾತಿಗಳವರೂ ಒಪ್ಪಿಕೊಂಡ ಮಾತು. ರೇಷ್ಮೆಯ ಹಾಗೆ ಕಂಬಳಿಯೂ ಮಡಿಗೆ ಸಲ್ಲುತ್ತದೆ. ಹುಟ್ಟಿನಿಂದ ಸಾವಿನ ತನಕ ಹಳ್ಳಿಯ ಮನೆಯೊಂದರಲ್ಲಿ ಕಂಬಳಿ ಬೇಕಾಗುವ ಸಂದರ್ಭಗಳನ್ನು ಎಣಿಸುತ್ತ ಹೋದರೆ ಪಟ್ಟಿ ದೊಡ್ಡದೇ ಆಗುತ್ತದೆ. ಆದರೆ ಗದ್ದುಗೆಗೆ ಬೇಕಾದದ್ದು ಮನೆಗೊಂದೇ ಕಂಬಳಿ. ಅದೂ ಹತ್ತಾರು ವರ್ಷ ಬಾಳುತ್ತದೆ. ಪೂಜೆಯೊಂದನ್ನೇ ನಂಬಿ ಮಗ್ಗ ನಡೆಯದು.

ಮಾರುಕಟ್ಟೆ ಎಲ್ಲಿ ಹೋಯಿತು?

ಕಂಬಳಿಯ ನಿಜವಾದ ಗಿರಾಕಿ ದುಡಿಯುವ ಮನುಷ್ಯನಾಗಿದ್ದ. ಮಳೆಯಲ್ಲಿ ಎತ್ತು ಹೂಡುವ ರೈತ, ರಾತ್ರಿ ಹೊಲ ಕಾಯುವವ, ಗಾಡಿ ಹೊಡೆಯುವವ. ಮಲೆನಾಡಿನ ಗದ್ದೆ ಕೆಲಸಕ್ಕೂ ಬಯಲುಸೀಮೆಯ ಕಂಬಳಿಯೇ ಹೋಗುತ್ತಿತ್ತು. ಈ ಗಿರಾಕಿಯನ್ನು ಮೊದಲು ಕಸಿದುಕೊಂಡದ್ದು ಪ್ಲಾಸ್ಟಿಕ್ ಹಾಳೆ. ಅದು ಅಗ್ಗ, ಹಗುರ, ನೀರು ಇಳಿಯಗೊಡದು. ನಂತರ ಬಂದದ್ದು ಪಾಣಿಪತ್ತಿನ ಯಂತ್ರದ ರಗ್ಗು. ಹೊರದೇಶಗಳ ಹಳೆಯ ಉಣ್ಣೆ ಬಟ್ಟೆಗಳನ್ನು ಹರಿದು, ಮತ್ತೆ ನೂಲು ಮಾಡಿ ನೇಯುವ ಆ ರಗ್ಗುಗಳ ಬೆಲೆಯ ಮುಂದೆ ಕೈಮಗ್ಗ ನಿಲ್ಲಲಾರದು. ಕೊನೆಗೆ ಅಕ್ರಿಲಿಕ್ ಮತ್ತು ಪಾಲಿಯೆಸ್ಟರ್ ಹೊದಿಕೆಗಳು ಬಂದವು. ಇವು ಮೃದು, ಬಣ್ಣಬಣ್ಣದ ಹೂವುಳ್ಳವು. ಮೈಗೆ ಚುಚ್ಚುವುದಿಲ್ಲ.

ಕಂಬಳಿ ಚುಚ್ಚುತ್ತದೆ ಎಂಬುದು ಸುಳ್ಳಲ್ಲ. ಬಟ್ಟೆಗೆ ಬಳಸುವ ಮೆರಿನೊ ಉಣ್ಣೆಯ ಎಳೆಯ ದಪ್ಪ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಕಡಿಮೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ದಖನಿ ಕುರಿಯ ಎಳೆ ಅದಕ್ಕಿಂತ ಬಹಳ ದಪ್ಪ. ಎಳೆ ದಪ್ಪವಿದ್ದಷ್ಟೂ ಬಾಗದು, ಬಾಗದ ತುದಿ ಚರ್ಮಕ್ಕೆ ತಾಗುತ್ತದೆ. ಆದರೆ ಗಟ್ಟಿಯಾಗಿ ನಿಲ್ಲುವುದೂ ಇದೇ ದಪ್ಪ ಎಳೆ. ಮೆರಿನೊ ಶಾಲನ್ನು ನೆಲಕ್ಕೆ ಹಾಸಿ ದಿನವೂ ತುಳಿದರೆ ಎಷ್ಟು ದಿನ ಬಾಳೀತು? ಕಂಬಳಿಯನ್ನು ಶಾಲಿನ ಜೊತೆ ಹೋಲಿಸಿ ಕೀಳೆನ್ನುವುದು ರೊಟ್ಟಿಯನ್ನು ಹೋಳಿಗೆಯ ಜೊತೆ ಹೋಲಿಸಿದ ಹಾಗೆ.

ಒಂಟೆ ಎಂಬ ಅಚ್ಚರಿ

ಈಗ ಒಂಟೆಯ ಕಡೆ ಬರೋಣ. ನಮಗೆ ಒಂಟೆ ತೀರಾ ಅಪರಿಚಿತವೇನಲ್ಲ. ಹಂಪಿಯ ಮಹಾನವಮಿ ದಿಬ್ಬದ ಕೆತ್ತನೆಗಳಲ್ಲಿ ಆನೆ, ಕುದುರೆಗಳ ಜೊತೆ ಒಂಟೆಗಳೂ ಇವೆ. ಆದರೂ ಅದರ ಬಗ್ಗೆ ನಮ್ಮ ತಿಳಿವಳಿಕೆ ಕಡಿಮೆ. ಡುಬ್ಬದಲ್ಲಿ ನೀರು ತುಂಬಿಕೊಂಡಿರುತ್ತದೆ ಎಂದೇ ಅನೇಕರು ನಂಬಿದ್ದಾರೆ. ಡುಬ್ಬದಲ್ಲಿ ಇರುವುದು ಕೊಬ್ಬು. ನೀರು ಸಿಕ್ಕಾಗ ಒಮ್ಮೆಗೇ ನೂರು ಲೀಟರಿನಷ್ಟು ಕುಡಿದು, ಸಿಗದಿದ್ದಾಗ ದಿನಗಟ್ಟಲೆ ತಡೆಯುವ ಶಕ್ತಿ ಅದರ ರಕ್ತ, ಮೂತ್ರಪಿಂಡ ಮತ್ತು ಮೈಶಾಖದ ಹೊಂದಾಣಿಕೆಯಿಂದ ಬಂದದ್ದು. ಕಚ್ಛದಲ್ಲಿ ಖಾರಾಯಿ ಎಂಬ ತಳಿಯಿದೆ. ಸಮುದ್ರದ ಖಾರಿಗಳಲ್ಲಿ ಈಜಿ ಹೋಗಿ ಕಾಂಡ್ಲಾ ಗಿಡಗಳ ಎಲೆ ಮೇಯುವ ಒಂಟೆ ಇದು. 2015ರಲ್ಲಿ ಇದಕ್ಕೆ ಪ್ರತ್ಯೇಕ ತಳಿಯ ಮನ್ನಣೆ ಸಿಕ್ಕಿತು.

ಒಂಟೆಯ ಉಣ್ಣೆಯ ಬಗ್ಗೆ ಒಂದು ಸ್ವಾರಸ್ಯದ ಪ್ರಯೋಗವಿದೆ. 1950ರ ದಶಕದಲ್ಲಿ ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಸಹಾರಾ ಮರುಭೂಮಿಯಲ್ಲಿ ಒಂಟೆಯ ಕೂದಲು ಕತ್ತರಿಸಿ ನೋಡಿದರು. ಬಿಸಿಲಿನಲ್ಲಿ ಕೂದಲಿಲ್ಲದ ಒಂಟೆ ತಂಪಾಗಿರಬೇಕು ಎಂದು ನಮಗೆ ತೋರುತ್ತದೆ. ಆದದ್ದು ಬೇರೆ. ಕೂದಲು ಕತ್ತರಿಸಿದ ಒಂಟೆ ಬೆವರಿನ ಮೂಲಕ ಸುಮಾರು ಅರ್ಧದಷ್ಟು ಹೆಚ್ಚು ನೀರು ಕಳೆದುಕೊಂಡಿತು. ಉಣ್ಣೆ ಚಳಿಯನ್ನಷ್ಟೇ ಅಲ್ಲ, ಬಿಸಿಲನ್ನೂ ತಡೆಯುತ್ತದೆ. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ನಮ್ಮ ಕುರಿಗಾರ ತಲೆ ಮೇಲೆ ಕಂಬಳಿ ಹಾಕಿಕೊಂಡು ನಡೆಯುವುದನ್ನು ಕಂಡು ನಕ್ಕವರು ಈ ಪ್ರಯೋಗವನ್ನು ನೆನೆಯಬೇಕು.

ಭಾರತದ ಒಂಟೆಗಳು ಬಹುಮಟ್ಟಿಗೆ ಒಂದು ಡುಬ್ಬದವು. ಒಂದರಿಂದ ವರ್ಷಕ್ಕೆ ಸಿಗುವ ಕೂದಲು ಒಂದು ಕಿಲೋದ ಆಸುಪಾಸು. ಮಂಗೋಲಿಯಾದ ಎರಡು ಡುಬ್ಬದ ಒಂಟೆ ಇದಕ್ಕಿಂತ ಹಲವು ಪಟ್ಟು ಕೊಡುತ್ತದೆ. ಅದರ ಒಳಪದರದ ಎಳೆ ತುಂಬ ನಯ. ನಮ್ಮ ಒಂಟೆಯ ಕೂದಲು ಒರಟು. ರಾಜಸ್ತಾನ, ಕಚ್ಛಗಳಲ್ಲಿ ಹಿಂದಿನಿಂದ ಅದರಿಂದ ಹಗ್ಗ, ಚೀಲ, ಹಾಸುಗಳನ್ನು ಮಾಡುತ್ತಿದ್ದರು. ಒಂಟೆ ಮೇಯಿಸುತ್ತ ನಡೆಯುವ ರಬಾರಿ ಗಂಡಸರ ಕೈಯಲ್ಲಿ ಕದಿರು ತಿರುಗುತ್ತಿರುತ್ತಿತ್ತು. ನೈಲಾನ್ ಹಗ್ಗ ಬಂದ ಮೇಲೆ ಆ ಕದಿರೂ ನಿಂತಿತು. ಪ್ಲಾಸ್ಟಿಕ್ ಹಾಳೆ ಬಂದು ನಮ್ಮ ಕೊಪ್ಪೆ ಮೂಲೆ ಸೇರಿದ ಹಾಗೆಯೇ.

ಮೆಚ್ಚಿದರೆ ಸಾಲದು

ರಾಜಸ್ತಾನ ಸರ್ಕಾರ 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿಯೆಂದು ಸಾರಿತು. 2015ರಲ್ಲಿ ಒಂಟೆಯ ವಧೆಯನ್ನು ನಿಷೇಧಿಸುವ, ರಾಜ್ಯದಿಂದ ಹೊರಗೆ ಸಾಗಿಸುವುದನ್ನು ನಿಯಂತ್ರಿಸುವ ಕಾನೂನು ತಂದಿತು. ಉದ್ದೇಶ ಒಳ್ಳೆಯದೇ. ಆದರೆ ಗಂಡು ಒಂಟೆಗಳಿಗೆ ಗಿರಾಕಿ ಇಲ್ಲವಾಗಿ ಬೆಲೆ ಬಿತ್ತು. ಸಾಕುವುದು ಹೊರೆಯಾಯಿತು ಎಂದು ರಾಯಿಕಾ ಜನರೇ ದೂರಿದರು. ಪಟ್ಟ ಕಟ್ಟಿದ ಮಾತ್ರಕ್ಕೆ ಪ್ರಾಣಿ ಉಳಿಯದು ಎಂಬುದು ಇದರಿಂದ ತಿಳಿಯಿತು.

ಬೇರೆ ದಾರಿ ಹಿಡಿದವರೂ ಇದ್ದಾರೆ. ರಾಜಸ್ತಾನದ ಸಾದ್ರಿಯಲ್ಲಿ ಹನ್ವಂತ ಸಿಂಗ್ ರಾಠೋಡ್ ಮತ್ತು ಜರ್ಮನ್ ಮೂಲದ ಪಶುವೈದ್ಯೆ ಇಲ್ಸೆ ಕೋಹ್ಲರ್-ರೋಲೆಫ್ಸನ್ 1996ರಲ್ಲಿ ಲೋಕಹಿತ ಪಶುಪಾಲಕ ಸಂಸ್ಥಾನವನ್ನು ಕಟ್ಟಿದರು. ಒಂಟೆಯ ಹಾಲು, ಉಣ್ಣೆ, ಲದ್ದಿಯಿಂದ ಮಾಡಿದ ಕಾಗದ, ಹೀಗೆ ಪ್ರಾಣಿಯನ್ನು ಕೊಲ್ಲದೆ ಆದಾಯ ತರುವ ವಸ್ತುಗಳಿಗೆ ಮಾರುಕಟ್ಟೆ ಹುಡುಕಿದರು. ಕಚ್ಛದಲ್ಲಿ 2001ರ ಭೂಕಂಪದ ನಂತರ ಭುಜ್ ಸಮೀಪದ ಕುಕ್ಮಾದಲ್ಲಿ ಆರಂಭವಾದ ಖಮೀರ್ ಸಂಸ್ಥೆ ದೇಸಿ ಉಣ್ಣೆ ಮತ್ತು ಒಂಟೆಯ ಉಣ್ಣೆಯ ನೇಯ್ಗೆಯನ್ನು ಕೈಗೆತ್ತಿಕೊಂಡಿತು. ಒಂಟೆಯ ಕೂದಲು ನುಣುಪು. ಎಳೆ ಎಳೆಯನ್ನು ಕಚ್ಚಿಕೊಳ್ಳುವುದು ಕಡಿಮೆ. ಆದ್ದರಿಂದ ಅದಕ್ಕೆ ಕುರಿಯ ಉಣ್ಣೆ ಬೆರೆಸಿ ನೂಲುವುದುಂಟು. ಮೃದುವಾದ ಮರಿಯ ಕೂದಲು ಹೊದಿಕೆಗೆ, ಒರಟಾದದ್ದು ನೆಲಹಾಸಿಗೆ. ಬಣ್ಣ ಒಂಟೆಯದೇ.

2016ರಲ್ಲಿ ಒಂಟೆಯ ಹಾಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡ ಸಿಕ್ಕಿತು. 2019ರಲ್ಲಿ ಕಚ್ಛದ ಒಂಟೆಯ ಹಾಲನ್ನು ಅಮುಲ್ ಮಾರುಕಟ್ಟೆಗೆ ತಂದಿತು. ಹಾಲಿನಿಂದ ಹಣ ಬರುತ್ತದೆ ಎಂದಾದಾಗ ಒಂಟೆ ಸಾಕಲು ಕಾರಣ ಸಿಕ್ಕಿತು. ಉಣ್ಣೆಯೊಂದೇ ಯಾವ ಹಿಂಡನ್ನೂ ಸಾಕಲಾರದು. ಹಾಲು, ಉಣ್ಣೆ, ಗೊಬ್ಬರ ಸೇರಿದರೆ ಲೆಕ್ಕ ಕೂಡುತ್ತದೆ. ಕಚ್ಛದ ಪಾಠಗಳಲ್ಲಿ ಮುಖ್ಯವಾದದ್ದು ಇದೇ.

ಎರಡನೆಯ ಪಾಠ, ವಸ್ತುವನ್ನು ಅದು ಇರುವ ಹಾಗೆಯೇ ಮಾರುವುದು. ಒಂಟೆಯ ಉಣ್ಣೆಯನ್ನು ಪಶ್ಮೀನಾ ಎಂದು ಯಾರೂ ಹೇಳಲಿಲ್ಲ. ಒರಟುತನಕ್ಕೆ ತಕ್ಕ ಬಳಕೆ ಹುಡುಕಿದರು. ದಖನಿ ಉಣ್ಣೆಗೂ ಇಂಥ ಬಳಕೆಗಳಿವೆ. ನೆಲಹಾಸು, ಆಸನ, ಚೀಲ, ಗೋಡೆಯ ಹಾಸು, ಸದ್ದು ಮತ್ತು ಶಾಖ ತಡೆಯುವ ಹಲಗೆ. ಬೆಳಗಾವಿ ಸೀಮೆಯಲ್ಲಿ ಈ ಬಗೆಯ ಪ್ರಯತ್ನಗಳು ನಡೆದಿವೆ. ಮೂರನೆಯ ಪಾಠ, ಉಣ್ಣೆಯನ್ನು ಕತ್ತರಿಸುವ ಕಾಲಕ್ಕೇ ಕೊಳ್ಳುವುದು. ಕುರಿಗಾರ ಅಲೆಮಾರಿ. ಉಣ್ಣೆಯ ಮೂಟೆ ಹೊತ್ತು ಊರೂರು ತಿರುಗಲಾರ. ಹಿಂಡು ಇರುವ ಜಾಗಕ್ಕೆ ತಕ್ಕಡಿ ಹೋಗಬೇಕು.

ಮನೆಯ ಪಕ್ಕದ ಉದಾಹರಣೆ

ಕಚ್ಛದವರೆಗೆ ಹೋಗುವುದು ಬೇಡ ಎನ್ನುವವರು ಗಜೇಂದ್ರಗಡವನ್ನೇ ನೋಡಬಹುದು. ಕೈಮಗ್ಗಕ್ಕೆ ಹೆಸರಾದ ಈ ಊರಿನ ಪಟ್ಟೇದ ಅಂಚಿನ ಸೀರೆ ಒಂದು ಕಾಲದಲ್ಲಿ ದುಡಿಯುವ ಹೆಂಗಸರ ನಿತ್ಯದ ಉಡುಗೆ. ಸವದತ್ತಿ ಯಲ್ಲಮ್ಮನಿಗೆ ಅರ್ಪಿಸುವುದೂ ಇತ್ತು. ದಪ್ಪ ಹತ್ತಿ ನೂಲು, ಸಣ್ಣ ಚೌಕಳಿ, ಅಗಲ ಅಂಚು. ಎರಡೂ ಮಗ್ಗುಲು ಉಡಬಹುದು. ಮಿಲ್ಲಿನ ಸೀರೆಯ ಮುಂದೆ ಅದು ಬಹುತೇಕ ಮರೆಯಾಗಿತ್ತು. ಕಳೆದ ಒಂದೂವರೆ ದಶಕದಲ್ಲಿ ಕೈಮಗ್ಗದ ಆಸಕ್ತರು ಹಳೆಯ ಮಾದರಿಗಳನ್ನು ಹುಡುಕಿ ಮತ್ತೆ ನೇಯಿಸಿದ ಮೇಲೆ ಪಟ್ಟೇದ ಅಂಚು ದೊಡ್ಡ ನಗರಗಳ ಮಳಿಗೆಗಳಿಗೂ ಹೋಯಿತು. ನರಗುಂದದ ನೆರೆಯ ನವಲಗುಂದದ ಜಮಖಾನ ಭೌಗೋಳಿಕ ಗುರುತಿನ ಮನ್ನಣೆ ಪಡೆದಿದೆ. ಅದನ್ನು ನೇಯುವವರು ಹೆಂಗಸರೇ.

ಈ ಎರಡೂ ಉದಾಹರಣೆಗಳಲ್ಲಿ ಹಳೆಯ ಗಿರಾಕಿ ಮರಳಿ ಬರಲಿಲ್ಲ, ಹೊಸ ಗಿರಾಕಿ ಸಿಕ್ಕ. ಕಂಬಳಿಗೂ ಹೀಗಾಗಬಹುದು. ಆದರೆ ಒಂದು ಎಚ್ಚರಿಕೆ ಬೇಕು. ನಗರದ ಮಳಿಗೆಯಲ್ಲಿ ಕಂಬಳಿಯ ಬೆಲೆ ಏರಿದಾಗ ಆ ಏರಿಕೆಯಲ್ಲಿ ನೂಲುವವಳ ಪಾಲೆಷ್ಟು, ಕುರಿಗಾರನ ಪಾಲೆಷ್ಟು ಎಂಬುದನ್ನು ಕೇಳಲೇಬೇಕು. ಚೀಟಿಯ ಮೇಲೆ ಪರಂಪರೆಯ ಕಥೆ ಅಚ್ಚಾಗಿ, ಕೂಲಿ ಮಾತ್ರ ಹಳೆಯದೇ ಉಳಿದರೆ ಮುಂದಿನ ತಲೆಮಾರು ರಾಟಿ ಮುಟ್ಟುವುದಿಲ್ಲ. ರಾಜ್ಯದ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ, ಜೋಧಪುರದ ಕೇಂದ್ರ ಉಣ್ಣೆ ಅಭಿವೃದ್ಧಿ ಮಂಡಳಿಯಂಥ ಸಂಸ್ಥೆಗಳ ಕೆಲಸವನ್ನೂ ಈ ಅಳತೆಗೋಲಿನಿಂದಲೇ ನೋಡಬೇಕು.

ಕೊಳ್ಳುವವರಿಗೆ ಎರಡು ಮಾತು

ಸಂತೆಯಲ್ಲಿ ಕಂಬಳಿ ಎಂದು ಮಾರುವುದೆಲ್ಲ ಕಂಬಳಿಯಲ್ಲ. ಗುರುತಿಸುವುದು ಕಷ್ಟವೂ ಅಲ್ಲ. ಅಂಚಿನ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಉಣ್ಣೆಯಾದರೆ ನಿಧಾನವಾಗಿ ಸುಟ್ಟು ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ದೂರ ಸರಿಸಿದರೆ ತಾನಾಗಿ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಕೈನೂಲಿನ ಎಳೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುತ್ತದೆ. ಅದನ್ನು ದೋಷವೆನ್ನಬಾರದು, ಕೈನೂಲಿನ ಗುರುತೇ ಅದು.

ಹೊಸ ಕಂಬಳಿಗೆ ಹುಣಸೆ ಗಂಜಿಯ ಬಿರುಸು ಇರುತ್ತದೆ. ಬಳಸುತ್ತ ಹೋದಂತೆ ಅದು ಮೆತ್ತಗಾಗುತ್ತದೆ. ಪದೇ ಪದೇ ಒಗೆಯುವುದು ಬೇಡ. ಬಿಸಿನೀರಂತೂ ಬೇಡವೇ ಬೇಡ, ಉಣ್ಣೆ ಕುಗ್ಗುತ್ತದೆ. ಕೊಡವಿ ಬಿಸಿಲಿಗೆ ಹಾಕಿದರೆ ಸಾಕು. ಹುಳು ಹಿಡಿಯದಂತೆ ಬೇವಿನ ಒಣಎಲೆ ಇಟ್ಟು ಮಡಿಸಿ. ಮೈಗೆ ಚುಚ್ಚುತ್ತದೆ ಎನಿಸಿದರೆ ಕೆಳಗೊಂದು ಹತ್ತಿಯ ದುಪ್ಪಟಿ ಹೊದೆಯಿರಿ. ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ.

ವಿಶ್ವಸಂಸ್ಥೆ 2024ನ್ನು ಒಂಟೆ ಕುಲದ ಪ್ರಾಣಿಗಳ ವರ್ಷವೆಂದು ಆಚರಿಸಿತು. 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಗೊತ್ತುಮಾಡಿತು. ಇಂಥ ಆಚರಣೆಗಳಿಂದ ಪಶುಪಾಲಕರ ಕಡೆ ಜಗತ್ತಿನ ಕಣ್ಣು ಹೊರಳಿದರೆ ಸಂತೋಷ. ಆದರೆ 2015ರ ನಂತರ ರಾಜಸ್ತಾನದಲ್ಲಿ ಆದದ್ದನ್ನು ಮರೆಯುವಂತಿಲ್ಲ. ನಾಯಕರ ಹೆಗಲಿಗೆ ಹಾಕುವ ಕಂಬಳಿ ಒಂದು ದಿನದ ಮಾತು. ನಮ್ಮ ನಿಮ್ಮ ಮನೆಯ ಹಜಾರಕ್ಕೆ, ಹಾಸಿಗೆಗೆ, ದೇವರ ಮುಂದಿನ ಆಸನಕ್ಕೆ ಒಂದೊಂದು ಕಂಬಳಿ ಬಂದರೆ ರಾಟಿ ವರ್ಷವಿಡೀ ತಿರುಗೀತು. ಎರೆ ಹೊಲದ ಬದುವಿನಲ್ಲಿ ಬೀಳುವ ಉಣ್ಣೆಗೂ ಕೇಳುವವರು ಸಿಕ್ಕಾರು.